ಫಾರ್ಮಕಾಲಜಿ ಓದುವವರಿಗೆ: ಮೊದಲು ಊಹಿಸಿ, ಆಮೇಲೆ ಪುಸ್ತಕ ತೆರೆಯಿರಿ

ಫಾರ್ಮಕಾಲಜಿ, ಅಂದರೆ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಶಾಸ್ತ್ರ, ಅದರ ಪಾಠ ಶುರುವಾಗಿ ಸ್ವಲ್ಪ ದಿನಕ್ಕೇ ವಿದ್ಯಾರ್ಥಿಗಳು ಬಂದು ಹೇಳುವುದು ಒಂದೇ ಮಾತು: "ಮೇಡಂ, ಹೆಸರುಗಳೇ ತಲೆಯಲ್ಲಿ ನಿಲ್ಲುತ್ತಿಲ್ಲ." ವೈದ್ಯಕೀಯ, ಫಾರ್ಮಸಿ, ನರ್ಸಿಂಗ್, ದಂತವೈದ್ಯಕೀಯ, ಪಶುವೈದ್ಯಕೀಯ, ಯಾವ ಪದವಿಯವರಾದರೂ ದೂರು ಇದೇ. ನನ್ನ ಉತ್ತರವೂ ಇಷ್ಟು ವರ್ಷಗಳಲ್ಲಿ ಬದಲಾಗಿಲ್ಲ. ಈ ವಿಷಯದಲ್ಲಿ ಯೋಚಿಸಿದರೆ ತಾನಾಗಿ ಹೊರಬರುವ ಸಂಗತಿಗಳಿವೆ. ಎಷ್ಟು ಯೋಚಿಸಿದರೂ ಹೊರಬರದೆ, ನೆನಪಿಟ್ಟುಕೊಳ್ಳಲೇಬೇಕಾದ ಸಂಗತಿಗಳೂ ಇವೆ. ಬಹಳ ಮಂದಿ ಎರಡನ್ನೂ ಒಂದೇ ಗುಡ್ಡೆ ಹಾಕಿ ಉರುಹೊಡೆಯುತ್ತಾರೆ. ಸುಸ್ತಾಗುವುದು ಅಲ್ಲೇ. ಮೊದಲನೆಯ ಬಗೆಯದ್ದೇ ಹೆಚ್ಚು ಪಾಲು ಅನ್ನುವುದು ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ.

ನಾನು ಹೇಳಿಕೊಡುವ ಪದ್ಧತಿಗೆ ಒಂದು ನೋಟ್‌ಬುಕ್ ಸಾಕು. ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ನಿಮ್ಮ ಊಹೆ, ಎರಡನೆಯದರಲ್ಲಿ ಪುಸ್ತಕದಲ್ಲಿರುವುದು, ಮೂರನೆಯದರಲ್ಲಿ "ಯಾಕೆ". ಔಷಧಿ ಯಾವ ರಿಸೆಪ್ಟರ್ (ಜೀವಕೋಶದಲ್ಲಿ ಸಂದೇಶ ಹಿಡಿಯುವ ಅಣು) ಅಥವಾ ಯಾವ ಎನ್ಜೈಮ್ ಮೇಲೆ ಕೆಲಸ ಮಾಡುತ್ತದೆ ಎಂಬ ಒಂದೇ ಸಾಲು ಓದಿ ಪುಸ್ತಕ ಮುಚ್ಚಿಬಿಡಿ. ಇದನ್ನು ಯಾವ ರೋಗಕ್ಕೆ ಕೊಡಬಹುದು, ಯಾವ ಅಡ್ಡಪರಿಣಾಮ ಬರಬಹುದು, ಯಾರಿಗೆ ಕೊಡಬಾರದು, ಇಷ್ಟನ್ನೂ ಸ್ವಂತ ತಲೆಯಿಂದ ಬರೆಯಿರಿ. ಪುಸ್ತಕ ತೆರೆಯುವುದು ಆಮೇಲೆ. ಊಹೆ ಸರಿಯಿದ್ದರೆ ಅದನ್ನು ಮತ್ತೆ ಬಾಯಿಪಾಠ ಮಾಡುವ ಅಗತ್ಯವಿಲ್ಲ. ತಪ್ಪಿದ್ದರೆ ಮೂರನೇ ಕಾಲಂ ತುಂಬುವ ತನಕ ಮುಂದೆ ಹೋಗಬೇಡಿ. ಮೂರನೇ ಕಾಲಂಗೆ ಉತ್ತರವೇ ಸಿಗದಿದ್ದರೆ ಅದರ ಪಕ್ಕ ಕೆಂಪು ಚುಕ್ಕೆ ಇಡಿ. ನಿಮ್ಮ ನೆನಪಿನ ಶಕ್ತಿ ಖರ್ಚಾಗಬೇಕಾದ್ದು ಆ ಚುಕ್ಕೆಗಳ ಮೇಲೆ ಮಾತ್ರ.

ಅಟ್ರೋಪಿನ್‌ನಿಂದ ಶುರುಮಾಡಿ. ಅಟ್ರೋಪಿನ್ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ತಡೆಯುತ್ತದೆ. ಕೊಟ್ಟಿರುವ ಸಾಲು ಇಷ್ಟೇ. ಆ ರಿಸೆಪ್ಟರ್‌ಗಳು ಹಿಡಿಯುವುದು ಪ್ಯಾರಾಸಿಂಪಥೆಟಿಕ್ ನರಗಳ ಸಂದೇಶ. ಈ ನರಗಳು ಏನೇನು ಮಾಡಿಸುತ್ತವೆ ಎಂಬುದು ಫಿಸಿಯಾಲಜಿಯಲ್ಲಿ ಓದಿದ್ದೀರಿ: ಜೊಲ್ಲು ಸುರಿಸುತ್ತವೆ, ಕಣ್ಣಿನ ಪಾಪೆ ಕಿರಿದಾಗಿಸುತ್ತವೆ, ಹೃದಯದ ವೇಗ ತಗ್ಗಿಸುತ್ತವೆ, ಕರುಳನ್ನು ಓಡಿಸುತ್ತವೆ, ಮೂತ್ರಕೋಶವನ್ನು ಹಿಂಡುತ್ತವೆ. ತಡೆದರೆ ಎಲ್ಲವೂ ತಿರುವುಮುರುವು. ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ, ಎದೆಬಡಿತ ಏರುತ್ತದೆ, ಮಲಬದ್ಧತೆಯಾಗುತ್ತದೆ, ಮೂತ್ರ ಕಟ್ಟುತ್ತದೆ. ಹಾಗಾದರೆ ಪ್ರಾಸ್ಟೇಟ್ ದೊಡ್ಡದಾಗಿರುವ ವೃದ್ಧರಿಗೆ? ಕಣ್ಣಿನ ಕೋನ ಕಿರಿದಾಗಿರುವ ಗ್ಲಾಕೋಮಾದವರಿಗೆ? ಕೊಡಬಾರದು ಎಂಬುದು ನಿಮಗೇ ಹೊಳೆಯುತ್ತದೆ.

ಇಲ್ಲಿ ಒಂದು ಕಡೆ ಬಹುಪಾಲು ವಿದ್ಯಾರ್ಥಿಗಳು ನಿಂತುಬಿಡುತ್ತಾರೆ: ಜ್ವರ ಯಾಕೆ? ಬೆವರು ಬರದೆ ಮೈ ಬಿಸಿಯಾಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಆದರೆ ಬೆವರಿನ ಗ್ರಂಥಿಗೆ ಹೋಗುವುದು ಸಿಂಪಥೆಟಿಕ್ ನರವಲ್ಲವೇ? ಹೌದು. ಆದರೆ ಆ ನರ ಅಲ್ಲಿ ಬಿಡುವುದು ಪ್ಯಾರಾಸಿಂಪಥೆಟಿಕ್ ನರಗಳು ಬಿಡುವ ಸಂದೇಶವಾಹಕವನ್ನೇ, ಅಂದರೆ ಅಸಿಟೈಲ್‌ಕೋಲಿನ್. ಅದನ್ನು ಹಿಡಿಯುವುದು ಮಸ್ಕರಿನಿಕ್ ರಿಸೆಪ್ಟರ್. ಈ ಒಂದು ವಿಚಿತ್ರವನ್ನು ಮೂರನೇ ಕಾಲಂನಲ್ಲಿ ಸರಿಯಾಗಿ ಬರೆದಿಟ್ಟುಕೊಳ್ಳಿ, ಸ್ವಲ್ಪ ಮುಂದೆ ಮತ್ತೆ ಬೇಕಾಗುತ್ತದೆ.

ಅಟ್ರೋಪಿನ್‌ಗೆ ಒಂದು ಸಂಜೆ ಪೂರ್ತಿ ಕೊಟ್ಟರೂ ನಷ್ಟವಿಲ್ಲ. ಅಮಿಟ್ರಿಪ್ಟಿಲಿನ್ ಬಂದಾಗ, ಡೈಫೆನ್‌ಹೈಡ್ರಮಿನ್‌ನಂಥ ಹಳೆಯ ಆಂಟಿಹಿಸ್ಟಮಿನ್ ಬಂದಾಗ, ಕ್ಲೋರ್‌ಪ್ರೊಮಜಿನ್ ಬಂದಾಗ ಇದೇ ಪಟ್ಟಿ ಮತ್ತೆ ಎದುರಾಗುತ್ತದೆ. ಆಗ ಪುಟದಲ್ಲಿ "ಅಟ್ರೋಪಿನ್ ನೋಡಿ" ಎಂದು ಎರಡು ಪದ ಬರೆದರೆ ಸಾಕು.

ಪ್ರತಿ ಗುಂಪಿಗೂ ಹೀಗೆ ಒಬ್ಬ ಹಿರಿಯನನ್ನು ಆರಿಸಿಕೊಳ್ಳಿ. ಬೀಟಾ ಬ್ಲಾಕರ್‌ಗಳಿಗೆ ಪ್ರೊಪ್ರನೊಲಾಲ್. ಅದು ಅಡ್ರಿನಲಿನ್ ಹಿಡಿಯುವ ಬೀಟಾ 1, ಬೀಟಾ 2 ರಿಸೆಪ್ಟರ್ ಎರಡನ್ನೂ ತಡೆಯುತ್ತದೆ. ಹೃದಯದಲ್ಲಿ ಬೀಟಾ 1: ವೇಗ ತಗ್ಗುತ್ತದೆ, ಆಮ್ಲಜನಕದ ಬೇಡಿಕೆ ತಗ್ಗುತ್ತದೆ, ಆಂಜೈನಾದಲ್ಲಿ ಉಪಯೋಗ. ಶ್ವಾಸನಾಳದಲ್ಲಿ ಬೀಟಾ 2: ಅಸ್ತಮಾದವರಿಗೆ ಅಪಾಯ. ವೈವಾದಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಇದರ ಮೇಲಿದೆ. ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ಪ್ರೊಪ್ರನೊಲಾಲ್ ನುಂಗುತ್ತಿದ್ದಾರೆ. ಸಕ್ಕರೆ ತೀರಾ ಇಳಿದರೆ ಅವರಿಗೆ ಗೊತ್ತಾಗುವುದು ಹೇಗೆ? ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಎರಡೂ ಬೀಟಾ ರಿಸೆಪ್ಟರ್‌ನ ಕೆಲಸ, ಅವು ಮರೆಯಾಗುತ್ತವೆ. ಬೆವರು ಮಾತ್ರ ಉಳಿಯುತ್ತದೆ, ಏಕೆಂದರೆ ಅದು ಅಸಿಟೈಲ್‌ಕೋಲಿನ್‌ನ ಕೆಲಸ. ಅಟ್ರೋಪಿನ್ ಪುಟದಲ್ಲಿ ಬರೆದಿಟ್ಟ ವಿಚಿತ್ರ ಇಲ್ಲಿ ಉತ್ತರವಾಯಿತು. ಈ ಕೊಂಡಿ ತಾನೇ ಕಂಡುಕೊಂಡ ವಿದ್ಯಾರ್ಥಿಯ ಮುಖದಲ್ಲಿ ಬರುವ ಬೆಳಕು ನನಗೆ ಈ ಕೆಲಸದಲ್ಲಿ ಸಿಗುವ ದೊಡ್ಡ ಸಂತೋಷ.

ಹಿರಿಯನನ್ನು ಪೂರ್ತಿ ಓದಿದ ಮೇಲೆ ಉಳಿದವರನ್ನು ವ್ಯತ್ಯಾಸ ಮಾತ್ರ ಬರೆದು ಮುಗಿಸಿ. ಅಟೆನೊಲಾಲ್: ಬೀಟಾ 1ರ ಕಡೆ ಹೆಚ್ಚು ಒಲವು, ನೀರಿನಲ್ಲಿ ಕರಗುತ್ತದೆ, ಮಿದುಳಿಗೆ ಕಡಿಮೆ ಹೋಗುತ್ತದೆ, ಕಿಡ್ನಿಯಿಂದ ಹೊರಬೀಳುತ್ತದೆ. ಕಾರ್ವೆಡಿಲಾಲ್: ಆಲ್ಫಾ ರಿಸೆಪ್ಟರನ್ನೂ ತಡೆಯುತ್ತದೆ. ಒಂದೊಂದು ಸಾಲು ಸಾಕು.

ಇನ್ನು ಕೆಂಪು ಚುಕ್ಕೆಗಳು. ಕ್ಲೋಜಪಿನ್‌ನಿಂದ ಬಿಳಿ ರಕ್ತಕಣ ಅಪಾಯಕಾರಿಯಾಗಿ ಕುಸಿಯಬಹುದು, ಎಥಾಂಬ್ಯುಟಾಲ್‌ನಿಂದ ಕಣ್ಣಿನ ನರಕ್ಕೆ ಪೆಟ್ಟಾಗಿ ಕೆಂಪು-ಹಸಿರು ಗುರುತಿಸುವುದು ಕಷ್ಟವಾಗಬಹುದು, ಕ್ಲೋರಾಂಫೆನಿಕಾಲ್ ಅಪರೂಪಕ್ಕೆ ಮೂಳೆಮಜ್ಜೆಯನ್ನೇ ಬತ್ತಿಸಬಹುದು, ಲಾಮೊಟ್ರಿಜಿನ್‌ನಿಂದ ಚರ್ಮದ ಮೇಲೆ ಗಂಭೀರ ದದ್ದು ಏಳಬಹುದು. ಪದವಿ ತರಗತಿಯ ವಿದ್ಯಾರ್ಥಿ ಇವನ್ನು ರಿಸೆಪ್ಟರ್ ನೋಡಿ ಊಹಿಸಲಾರ. ಇವನ್ನು ಚೀಟಿಯಲ್ಲಿ ಬರೆದು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ನೋಡಿ. ಆದರೆ ಚುಕ್ಕೆ ಇಡುವ ಮುನ್ನ ಒಮ್ಮೆ ಜಗ್ಗಿ ನೋಡಿ. ಕ್ಯಾಪ್ಟೊಪ್ರಿಲ್‌ನ ಒಣಕೆಮ್ಮು ಕಾರಣವಿಲ್ಲದ್ದು ಅನ್ನಿಸಬಹುದು. ಆದರೆ ಎಸಿಇ ಎಂಬ ಎನ್ಜೈಮ್ ಆಂಜಿಯೊಟೆನ್ಸಿನ್ 2 ತಯಾರಿಸುವುದರ ಜೊತೆಗೆ ಬ್ರಾಡಿಕೈನಿನ್ ಅನ್ನು ಒಡೆಯುತ್ತದೆ ಕೂಡ. ಅದನ್ನು ತಡೆದರೆ ಬ್ರಾಡಿಕೈನಿನ್ ಶೇಖರವಾಗಿ ಕೆಮ್ಮು ಬರುತ್ತದೆ. ಲೊಸಾರ್ಟಾನ್ ರಿಸೆಪ್ಟರನ್ನು ತಡೆಯುತ್ತದೆಯೇ ಹೊರತು ಆ ಎನ್ಜೈಮನ್ನು ಮುಟ್ಟುವುದಿಲ್ಲ, ಆದ್ದರಿಂದ ಈ ಕೆಮ್ಮಿನ ಕಾಟ ತೀರಾ ಕಡಿಮೆ. ಅಮಿಯೊಡರೋನ್ ಥೈರಾಯ್ಡ್ ಕೆಡಿಸುವುದೂ ಹಾಗೆಯೇ. ಅದರ ತೂಕದಲ್ಲಿ ಸುಮಾರು 37 ಶೇಕಡಾ ಅಯೋಡಿನ್ ಎಂದು ತಿಳಿದ ಮೇಲೆ ಆ ಚುಕ್ಕೆ ಅಳಿಸಿಹಾಕಬಹುದು.

ಲೆಕ್ಕಕ್ಕೆ ಹೆದರಬೇಡಿ

ಫಾರ್ಮಕೊಕೈನೆಟಿಕ್ಸ್, ಅಂದರೆ ದೇಹ ಔಷಧಿಯನ್ನು ಹೇಗೆ ಹರಡಿ ಹೊರಹಾಕುತ್ತದೆ ಎಂಬ ಭಾಗ, ಬಂದಾಗ ಅನೇಕರು ಸೂತ್ರಗಳನ್ನು ಬರೆದಿಟ್ಟುಕೊಂಡು ಪರೀಕ್ಷೆ ದಾಟುತ್ತಾರೆ. ನನಗೆ ಅದು ಬೇಸರ. ಇಡೀ ವಿಷಯದಲ್ಲಿ ಅತಿ ಕಡಿಮೆ ನೆನಪು ಬೇಡುವ, ಅತಿ ಹೆಚ್ಚು ಉತ್ತರ ಕೊಡುವ ಭಾಗ ಅದು. ಒಂದೇ ಲೆಕ್ಕ ಕೈಯಾರೆ ಮಾಡಿ ನೋಡಿ.

ಒಂದು ಔಷಧಿಯ ಹರಡುವಿಕೆಯ ಗಾತ್ರ, ಅಂದರೆ ವಾಲ್ಯೂಮ್ ಆಫ್ ಡಿಸ್ಟ್ರಿಬ್ಯೂಷನ್, 40 ಲೀಟರ್. ಕ್ಲಿಯರೆನ್ಸ್ ಗಂಟೆಗೆ 4 ಲೀಟರ್. ರಕ್ತದಲ್ಲಿ ಲೀಟರಿಗೆ 10 ಮಿಲಿಗ್ರಾಂ ಇರಬೇಕು. ಮೊದಲ ದೊಡ್ಡ ಡೋಸ್, ಅಂದರೆ ಲೋಡಿಂಗ್ ಡೋಸ್, ಎಷ್ಟು? 40 ಲೀಟರ್ ತುಂಬಿಸಬೇಕು, ಲೀಟರಿಗೆ 10 ಮಿಲಿಗ್ರಾಂ: 400 ಮಿಲಿಗ್ರಾಂ. ಆಮೇಲೆ ಅದೇ ಮಟ್ಟ ಉಳಿಸಲು ಡ್ರಿಪ್‌ನಲ್ಲಿ ಎಷ್ಟು ಕೊಡಬೇಕು? ಗಂಟೆಗೆ 4 ಲೀಟರ್ ರಕ್ತ ಶುದ್ಧವಾಗುತ್ತಿದೆ, ಅಷ್ಟರಲ್ಲಿದ್ದ 40 ಮಿಲಿಗ್ರಾಂ ಹೋಗುತ್ತಿದೆ. ಹೋದಷ್ಟನ್ನು ಹಾಕಿ, ಗಂಟೆಗೆ 40 ಮಿಲಿಗ್ರಾಂ. ಹಾಫ್ ಲೈಫ್, ಅಂದರೆ ರಕ್ತದಲ್ಲಿನ ಔಷಧಿ ಅರ್ಧಕ್ಕಿಳಿಯುವ ಸಮಯ, ಎಷ್ಟು? 0.693 ಅನ್ನು 40ರಿಂದ ಗುಣಿಸಿ 4ರಿಂದ ಭಾಗಿಸಿದರೆ ಬರುವುದು ಸುಮಾರು 7 ಗಂಟೆ. ಒಂದು ಹಾಫ್ ಲೈಫ್‌ಗೆ ಸ್ಥಿರ ಮಟ್ಟದತ್ತ ಅರ್ಧ ದಾರಿ, ಎರಡಕ್ಕೆ 75 ಶೇಕಡಾ, ಮೂರಕ್ಕೆ 87.5, ನಾಲ್ಕಕ್ಕೆ ಸುಮಾರು 94, ಐದಕ್ಕೆ ಸುಮಾರು 97. ಲೋಡಿಂಗ್ ಡೋಸ್ ಇಲ್ಲದೆ ಡ್ರಿಪ್ ಮಾತ್ರ ಹಾಕಿದ್ದರೆ ಮಟ್ಟ ಸ್ಥಿರವಾಗಲು 28ರಿಂದ 35 ಗಂಟೆ ಬೇಕಾಗುತ್ತಿತ್ತು.

ಈಗ ಅದೇ ರೋಗಿಯ ಕಿಡ್ನಿ ಸೋತು ಕ್ಲಿಯರೆನ್ಸ್ 2 ಲೀಟರಿಗೆ ಇಳಿಯಿತು ಅನ್ನಿ. ಯಾವ ಡೋಸ್ ಬದಲಿಸುತ್ತೀರಿ? ಡ್ರಿಪ್ ಅರ್ಧಕ್ಕೆ ಇಳಿಯುತ್ತದೆ, ಹಾಫ್ ಲೈಫ್ 14 ಗಂಟೆಯಾಗುತ್ತದೆ. ಲೋಡಿಂಗ್ ಡೋಸ್ ಹಾಗೇ ಉಳಿಯುತ್ತದೆ, ಏಕೆಂದರೆ ತುಂಬಬೇಕಾದ ಗಾತ್ರ ಬದಲಾಗಿಲ್ಲ. ಈ ಕೊನೆಯ ವಾಕ್ಯವನ್ನು ಕಾರಣ ಸಮೇತ ಹೇಳಬಲ್ಲವರಿಗೆ ಆ ಅಧ್ಯಾಯ ಬಂತು ಎಂದೇ ನಾನು ಲೆಕ್ಕ ಹಾಕುತ್ತೇನೆ.

70 ಕಿಲೋ ತೂಕದ ದೇಹದಲ್ಲಿ ಡಿಜಾಕ್ಸಿನ್‌ನ ಗಾತ್ರ 500 ಲೀಟರ್ ಆಸುಪಾಸು ಎಂದು ಓದಿದಾಗ ತಲೆ ತಿರುಗುವುದು ಸಹಜ. ಅದು ನಿಜವಾದ ನೀರಿನ ಅಳತೆಯಲ್ಲ. ಔಷಧಿ ರಕ್ತ ಬಿಟ್ಟು ಸ್ನಾಯುಗಳಲ್ಲಿ ಹೋಗಿ ಕೂತಿದೆ, ರಕ್ತದಲ್ಲಿ ಸಿಗುವುದು ಒಂದಿಷ್ಟೇ ಎಂದು ಆ ಸಂಖ್ಯೆ ಹೇಳುತ್ತಿದೆ. ಹಾಗಾದರೆ ಡಿಜಾಕ್ಸಿನ್ ಅತಿಯಾದಾಗ ಡಯಾಲಿಸಿಸ್ ಕೆಲಸಕ್ಕೆ ಬರುತ್ತದೆಯೇ? ಬರುವುದಿಲ್ಲ. ತೊಳೆಯುವುದು ರಕ್ತವನ್ನು, ಔಷಧಿ ಇರುವುದು ಬೇರೆ ಕಡೆ.

ಐದು ಹಾಫ್ ಲೈಫ್ ಲೆಕ್ಕ ಔಷಧಿ ನಿಲ್ಲಿಸುವಾಗಲೂ ನಡೆಯುತ್ತದೆ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ನಿಲ್ಲಿಸಿ ಎಂಎಒ (ಮೊನೊಅಮೈನ್ ಆಕ್ಸಿಡೇಸ್ ಎಂಬ ಎನ್ಜೈಮ್) ತಡೆಯುವ ಔಷಧಿ ಶುರುಮಾಡಲು ಐದು ವಾರ ಕಾಯಬೇಕು ಎಂಬ ನಿಯಮವಿದೆ. ಫ್ಲುಯೊಕ್ಸೆಟಿನ್‌ನಿಂದ ದೇಹದಲ್ಲಿ ಹುಟ್ಟುವ ನಾರ್‌ಫ್ಲುಯೊಕ್ಸೆಟಿನ್‌ನ ಹಾಫ್ ಲೈಫ್ ಒಂದು ವಾರ ಅಥವಾ ಇನ್ನೂ ಹೆಚ್ಚು ಎಂದು ಗೊತ್ತಿದ್ದರೆ ಐದು ವಾರ ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ.

ಆದರೆ ಹಾಫ್ ಲೈಫನ್ನೂ ಪರಿಣಾಮದ ಅವಧಿಯನ್ನೂ ಒಂದೇ ಎಂದು ತಿಳಿಯಬಾರದು. ಆಸ್ಪಿರಿನ್ ರಕ್ತದಿಂದ ನಿಮಿಷಗಳ ಲೆಕ್ಕದಲ್ಲಿ ಮಾಯವಾಗುತ್ತದೆ. ಆದರೂ ಪ್ಲೇಟ್‌ಲೆಟ್ ಮೇಲಿನ ಅದರ ಗುರುತು ವಾರದ ಮೇಲೂ ಉಳಿಯುತ್ತದೆ. ಅದು ಎನ್ಜೈಮನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಎನ್ಜೈಮ್ ಮಾಡಿಕೊಳ್ಳಲಾರದು. ಹೊಸ ಪ್ಲೇಟ್‌ಲೆಟ್‌ಗಳು ಬರುವ ತನಕ ಪರಿಣಾಮ ಇದ್ದೇ ಇರುತ್ತದೆ.

ಫೆನಿಟೊಯಿನ್‌ಗೆ ಬೇರೆ ಪುಟವೇ ಇರಲಿ. ಅದನ್ನು ಒಡೆಯುವ ಎನ್ಜೈಮ್ ಬೇಗ ತುಂಬಿಹೋಗುತ್ತದೆ. ಅಭ್ಯಾಸಕ್ಕೆಂದು ಒಬ್ಬ ರೋಗಿಯ ದೇಹ ದಿನಕ್ಕೆ ಗರಿಷ್ಠ 500 ಮಿಲಿಗ್ರಾಂ ಒಡೆಯಬಲ್ಲದು, ಕೆಎಂ, ಅಂದರೆ ಒಡೆಯುವ ವೇಗ ಗರಿಷ್ಠದ ಅರ್ಧ ಮುಟ್ಟುವ ರಕ್ತಮಟ್ಟ, ಲೀಟರಿಗೆ 5 ಮಿಲಿಗ್ರಾಂ ಎಂದುಕೊಳ್ಳಿ. ದಿನಕ್ಕೆ 300 ಕೊಟ್ಟರೆ ರಕ್ತದಲ್ಲಿ ಲೀಟರಿಗೆ 7.5 ಮಿಲಿಗ್ರಾಂ. 400 ಕೊಟ್ಟರೆ 20. 450 ಕೊಟ್ಟರೆ 45. ಕೊನೆಯ 50 ಮಿಲಿಗ್ರಾಂ ಏನು ಮಾಡಿತು ನೋಡಿ. ಗ್ರಾಫ್ ಹಾಳೆಯಲ್ಲಿ ಈ ಬಿಂದುಗಳನ್ನು ನೀವೇ ಇಟ್ಟು ಗೆರೆ ಎಳೆಯಿರಿ. ಫೆನಿಟೊಯಿನ್ ಡೋಸನ್ನು ಯಾಕೆ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಗ್ರಾಫ್ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಡೋಸ್-ರೆಸ್ಪಾನ್ಸ್ ಕರ್ವ್‌ಗಳನ್ನು ನೋಡಿ ಬಿಡಬೇಡಿ, ಪೆನ್ಸಿಲ್ ಹಿಡಿದು ಬರೆಯಿರಿ. ಪೊಟೆನ್ಸಿ (ಎಷ್ಟು ಕಡಿಮೆ ಡೋಸಿಗೆ ಕೆಲಸ) ಮತ್ತು ಎಫಿಕಸಿ (ಗರಿಷ್ಠ ಎಷ್ಟು ಪರಿಣಾಮ) ಕಲಸಿಹೋಗುವುದು ಬರೆಯದವರಿಗೆ. ಡೈಯುರೆಟಿಕ್‌ಗಳಲ್ಲಿ (ಮೂತ್ರ ಹೆಚ್ಚಿಸುವ ಔಷಧಿಗಳು) ಬ್ಯುಮೆಟನೈಡ್ 1 ಮಿಲಿಗ್ರಾಂ ಸುಮಾರಾಗಿ ಫ್ಯೂರೊಸಿಮೈಡ್ 40 ಮಿಲಿಗ್ರಾಂಗೆ ಸಮ, ಅಂದರೆ ಪೊಟೆನ್ಸಿ ಹೆಚ್ಚು, ಗೆರೆ ಎಡಕ್ಕಿದೆ. ಆದರೆ ಎರಡೂ ತಲುಪುವ ಎತ್ತರ ಒಂದೇ. ಥಯಜೈಡ್‌ಗಳು ಎಷ್ಟು ಡೋಸ್ ಏರಿಸಿದರೂ ಆ ಎತ್ತರಕ್ಕೆ ಹೋಗಲಾರವು. ಪಾರ್ಷಿಯಲ್ ಅಗೋನಿಸ್ಟ್ ಗೆರೆ ಬರೆಯುವಾಗ ಬ್ಯುಪ್ರಿನಾರ್ಫಿನ್ ನೆನೆಯಿರಿ. ಅದು ಹೆರಾಯಿನ್ ಕೂರುವ ರಿಸೆಪ್ಟರಿಗೇ ಬಿಗಿಯಾಗಿ ಅಂಟುತ್ತದೆ, ಆದರೆ ಅರೆಮನಸ್ಸಿನಿಂದ ಕೆಲಸ ಮಾಡುತ್ತದೆ. ಹೆರಾಯಿನ್‌ಗೆ ಒಗ್ಗಿಹೋದ ದೇಹಕ್ಕೆ ಆತುರದಲ್ಲಿ ಕೊಟ್ಟರೆ ವಿತ್‌ಡ್ರಾವಲ್ ಲಕ್ಷಣಗಳು ಏಳುತ್ತವೆ. ಯಾಕೆಂದು ನಿಮ್ಮ ಗೆರೆಯೇ ಹೇಳುತ್ತದೆ.

ಹೆಸರುಗಳು

ಹೆಸರುಗಳಿಗೆ ಬರೋಣ. ಬ್ರ್ಯಾಂಡ್ ಹೆಸರು ಸದ್ಯಕ್ಕೆ ಬಿಡಿ, ಜೆನೆರಿಕ್ ಹೆಸರಿನ ಬಾಲ ನೋಡಿ. ಒಲಾಲ್, ಪ್ರಿಲ್, ಸಾರ್ಟಾನ್, ಡಿಪಿನ್, ಪ್ರಜೋಲ್, ಫ್ಲೊಕ್ಸಸಿನ್, ಟ್ರಿಪ್ಟಾನ್, ಗ್ಲಿಪ್ಟಿನ್, ಗ್ಲಿಫ್ಲೋಜಿನ್. ಇಷ್ಟು ಗೊತ್ತಿದ್ದರೆ ಕಾಣದ ಹೆಸರಿಗೂ ಗುಂಪು ಸಿಗುತ್ತದೆ. ಮೋಸ ಹೋಗುವ ಜಾಗಗಳೂ ಇವೆ. ನಿಸ್ಟಾಟಿನ್ ಕೊಲೆಸ್ಟರಾಲ್ ಇಳಿಸುವುದಿಲ್ಲ, ಅದು ಶಿಲೀಂಧ್ರಕ್ಕೆ. ಕೊಲೆಸ್ಟರಾಲ್‌ನವುಗಳ ಬಾಲ ಪೂರ್ತಿಯಾಗಿ ವಾಸ್ಟಾಟಿನ್. ಅರಿಪಿಪ್ರಜೋಲ್ ಹೊಟ್ಟೆಯ ಆಮ್ಲಕ್ಕಲ್ಲ, ಸೈಕೋಸಿಸ್‌ಗೆ. ಕ್ಲೋರ್‌ಪ್ರೊಮಜಿನ್ ಮತ್ತು ಕ್ಲೋರ್‌ಪ್ರೊಪಮೈಡ್ ಕಿವಿಗೆ ಒಂದೇ ತರ. ಒಂದು ಸೈಕೋಸಿಸ್‌ಗೆ, ಇನ್ನೊಂದು ರಕ್ತದ ಸಕ್ಕರೆ ಇಳಿಸಲು. ಇಂಥ ಜೋಡಿಗಳಿಗೆ ಪುಸ್ತಕದ ಕೊನೆಯಲ್ಲಿ ಒಂದು ಪುಟ ಮೀಸಲಿಡಿ. ಇದು ಅಂಕದ ವಿಷಯವಷ್ಟೇ ಅಲ್ಲ. ವಾರ್ಡಿನಲ್ಲಿ ಹೆಸರು ತಪ್ಪಿದರೆ ಪೆಟ್ಟು ಬೀಳುವುದು ರೋಗಿಗೆ.

ಸ್ವಲ್ಪ ಚರಿತ್ರೆಯನ್ನೂ ಓದಿ. ಸಮಯ ವ್ಯರ್ಥ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. 1988ರ ನೊಬೆಲ್ ಪ್ರಶಸ್ತಿ ಜೇಮ್ಸ್ ಬ್ಲ್ಯಾಕ್, ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಮೂವರಿಗೆ ಸಂದಿತು. ಬ್ಲ್ಯಾಕ್ ಕೆಲಸದಿಂದ ಪ್ರೊಪ್ರನೊಲಾಲ್ ಬಂತು, ಆಮೇಲೆ ಸಿಮೆಟಿಡಿನ್ ಬಂತು. ಒಂದು ಹೃದಯಕ್ಕೆ, ಒಂದು ಹೊಟ್ಟೆಗೆ; ಹಿಂದಿನ ಯೋಚನೆ ಒಂದೇ, ದೇಹದ್ದೇ ಸಂದೇಶವಾಹಕವನ್ನು ಅದರ ರಿಸೆಪ್ಟರ್‌ನಲ್ಲಿ ತಡೆಯುವುದು. ಎಲಿಯನ್ ಮತ್ತು ಹಿಚಿಂಗ್ಸ್ ಜೊತೆಗೂಡಿ ಮಾಡಿದ ಕೆಲಸದಿಂದ ಅಜಥಯೊಪ್ರಿನ್ ಬಂತು, ಅಲೊಪ್ಯುರಿನಾಲ್ ಕೂಡ ಬಂತು. ಅಜಥಯೊಪ್ರಿನ್ ದೇಹದಲ್ಲಿ ಮರ್‌ಕ್ಯಾಪ್ಟೊಪ್ಯುರಿನ್ ಆಗುತ್ತದೆ. ಅದನ್ನು ನಿಷ್ಕ್ರಿಯಗೊಳಿಸುವ ಎನ್ಜೈಮ್‌ಗಳಲ್ಲಿ ಕ್ಸಾಂಥಿನ್ ಆಕ್ಸಿಡೇಸ್ ಒಂದು. ಅಲೊಪ್ಯುರಿನಾಲ್ ತಡೆಯುವುದು ಅದೇ ಎನ್ಜೈಮನ್ನು. ಎರಡನ್ನೂ ಒಬ್ಬನೇ ರೋಗಿಗೆ ಮಾಮೂಲು ಡೋಸಿನಲ್ಲಿ ಕೊಟ್ಟರೆ ಮೂಳೆಮಜ್ಜೆ ನಲುಗುತ್ತದೆ. ಕೊಡಲೇಬೇಕಾದರೆ ಅಜಥಯೊಪ್ರಿನ್ ಡೋಸನ್ನು ಮೂರನೇ ಅಥವಾ ನಾಲ್ಕನೇ ಒಂದು ಪಾಲಿಗೆ ಇಳಿಸುತ್ತಾರೆ. ಎರಡು ಔಷಧಿಗಳ ಹುಟ್ಟು ಒಂದೇ ಕಡೆ ಎಂದು ತಿಳಿದವರು ಈ ಇಂಟರಾಕ್ಷನ್ ಮರೆತದ್ದನ್ನು ನಾನು ನೋಡಿಲ್ಲ.

ಉಳಿದ ಇಂಟರಾಕ್ಷನ್‌ಗಳಿಗೂ ಉದ್ದ ಪಟ್ಟಿ ಬೇಡ. ಲಿವರ್‌ನಲ್ಲಿ ಔಷಧಿ ಒಡೆಯುವ ಎನ್ಜೈಮ್ ಹೆಚ್ಚಿಸುವವು ಯಾವುವು, ತಡೆಯುವವು ಯಾವುವು ಎಂದು ಎರಡು ಚಿಕ್ಕ ಗುಂಪು ಮಾಡಿ. ರಿಫಾಂಪಿಸಿನ್ ಒಂದರ ಮುಖ್ಯಸ್ಥ, ಕ್ಲಾರಿತ್ರೊಮೈಸಿನ್ ಇನ್ನೊಂದರದ್ದು. ಹೆಚ್ಚಿಸುವುದಕ್ಕೆ ಹೊಸ ಪ್ರೋಟೀನ್ ತಯಾರಾಗಬೇಕು, ದಿನಗಳು ಹಿಡಿಯುತ್ತವೆ. ತಡೆಯುವುದು ಔಷಧಿ ಮುಟ್ಟಿದೊಡನೆ ಆಗುತ್ತದೆ. ರಿಫಾಂಪಿಸಿನ್ ಜೊತೆ ಗರ್ಭನಿರೋಧಕ ಮಾತ್ರೆ ಸೋಲುವುದು, ಕ್ಲಾರಿತ್ರೊಮೈಸಿನ್ ಜೊತೆ ಸಿಮ್ವಾಸ್ಟಾಟಿನ್ ಸ್ನಾಯುಗಳನ್ನು ಕರಗಿಸುವುದು, ಎರಡೂ ಇಲ್ಲಿಂದಲೇ ಬರುತ್ತವೆ.

ಪ್ರಾಕ್ಟಿಕಲ್ ಈಗ ಬಹಳ ಕಡೆ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತದೆ. ಪ್ರಾಣಿಗಳ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಗುಂಡಿ ಒತ್ತಿ ಉತ್ತರ ನೋಡುವುದರಲ್ಲಿ ಕಲಿಯುವುದು ಏನೂ ಇಲ್ಲ. ಅಲ್ಲೂ ಊಹೆ ಬರೆದ ಮೇಲೆಯೇ ಗುಂಡಿ ಒತ್ತಿ. ಉದಾಹರಣೆಗೆ, 1906ರಲ್ಲಿ ಹೆನ್ರಿ ಡೇಲ್, ಎರ್ಗಟ್ (ಒಂದು ಶಿಲೀಂಧ್ರದ ಸಾರ, ಆಲ್ಫಾ ರಿಸೆಪ್ಟರ್ ತಡೆಯುವಂಥದ್ದು) ಕೊಟ್ಟ ಮೇಲೆ ಅಡ್ರಿನಲಿನ್ ಕೊಟ್ಟರೆ ರಕ್ತದೊತ್ತಡ ಏರುವ ಬದಲು ಇಳಿಯುವುದನ್ನು ವರದಿ ಮಾಡಿದರು. ಆಲ್ಫಾ, ಬೀಟಾ ಎಂಬ ವಿಂಗಡಣೆಯನ್ನು ರೇಮಂಡ್ ಆಲ್‌ಕ್ವಿಸ್ಟ್ ಮುಂದಿಟ್ಟದ್ದು 1948ರಲ್ಲಿ. ನಿಮಗೆ ಆ ವಿಂಗಡಣೆ ಮೊದಲೇ ಗೊತ್ತಿದೆ. ಆಲ್ಫಾ ಮುಚ್ಚಿದರೆ ಅಡ್ರಿನಲಿನ್‌ಗೆ ಉಳಿಯುವ ದಾರಿ ಯಾವುದು, ರಕ್ತನಾಳ ಏನಾಗಬೇಕು ಎಂದು ಬರೆದು ಆಮೇಲೆ ಪರದೆ ನೋಡಿ. ಹೆಸರಿಲ್ಲದ ಗ್ರಾಫ್ ಕೊಟ್ಟು ಔಷಧಿ ಗುರುತಿಸಿ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಡೋಸ್ ಲೆಕ್ಕದಲ್ಲಿ ಎರಡೇ ಸಂಗತಿ: 1 ಶೇಕಡಾ ಎಂದರೆ 1 ಮಿಲಿಲೀಟರಿಗೆ 10 ಮಿಲಿಗ್ರಾಂ, ಸಾವಿರಕ್ಕೆ ಒಂದು ಎಂದರೆ 1 ಮಿಲಿಲೀಟರಿಗೆ 1 ಮಿಲಿಗ್ರಾಂ. ನಿದ್ದೆಗಣ್ಣಿನಲ್ಲೂ ಬರಬೇಕು. ಮೈಕ್ರೋಗ್ರಾಂ, ಮಿಲಿಗ್ರಾಂ ನಡುವೆ ಸಾವಿರ ಪಟ್ಟು ಅಂತರ ಇದೆ ಎನ್ನುವುದನ್ನು ಪ್ರತಿ ಲೆಕ್ಕದ ಕೊನೆಗೂ ಮತ್ತೊಮ್ಮೆ ನೋಡಿ.

ಓದುವ ಕ್ರಮ ನಿಮ್ಮ ಕೈಯಲ್ಲಿದ್ದರೆ ಜನರಲ್ ಫಾರ್ಮಕಾಲಜಿ ಮೊದಲು, ಆಟೊನಾಮಿಕ್ ಎರಡನೆಯದು. ಇವೆರಡಕ್ಕೆ ಕೊಟ್ಟ ಸಮಯ ಹೃದಯ, ಶ್ವಾಸಕೋಶ, ಮಿದುಳಿನ ಪಾಠಗಳಲ್ಲಿ ವಾಪಸ್ ಬರುತ್ತದೆ. ಡೈಯುರೆಟಿಕ್ ಶುರುಮಾಡುವ ಹಿಂದಿನ ದಿನ ನೆಫ್ರಾನ್ ಚಿತ್ರ ನೋಡದೆ ಬರೆದು ಯಾವ ಭಾಗದಲ್ಲಿ ಯಾವ ಲವಣ ಹೀರಿಕೆಯಾಗುತ್ತದೆ ಎಂದು ಗುರುತು ಹಾಕಿ. ಆಂಟಿಬಯೊಟಿಕ್‌ಗಳಲ್ಲಿ ಮಾತ್ರ ಕೆಂಪು ಚುಕ್ಕೆಗಳು ಜಾಸ್ತಿ. ಅವನ್ನು ಕೊನೆಗೆ ಇಟ್ಟುಕೊಂಡರೆ ಮುಳುಗುತ್ತೀರಿ, ವರ್ಷದ ಶುರುವಿನಿಂದ ದಿನಕ್ಕೊಂದು ಎಂದು ಓದುತ್ತ ಹೋಗಿ.

ಇಷ್ಟು ಓದಿದ ಮೇಲೆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಕೆಲವು ಪ್ರಶ್ನೆ. ಮೊದಲ ಕಾಲಂ ಮಾತ್ರ ತುಂಬಿ, ಪುಸ್ತಕ ನಾಳೆ ತೆರೆಯಿರಿ. ನೈಟ್ರೊಗ್ಲಿಸರಿನ್ ಅನ್ನು ನುಂಗಿಸದೆ ನಾಲಿಗೆಯ ಕೆಳಗೆ ಇಡಿಸುವುದೇಕೆ? ವಾರ್ಫರಿನ್ ಶುರುಮಾಡಿದ ಮೊದಲ ದಿನಗಳಲ್ಲಿ ಹೆಪಾರಿನ್ ಕೂಡ ಮುಂದುವರಿಸುವುದೇಕೆ? ಮಾರ್ಫಿನ್ ಅತಿಯಾಗಿ ಉಸಿರು ನಿಂತವನಿಗೆ ನಲೊಕ್ಸೋನ್ ಕೊಟ್ಟು ಎಬ್ಬಿಸಿದ್ದೀರಿ, ಅವನು ಚೆನ್ನಾಗಿಯೇ ಮಾತಾಡುತ್ತಿದ್ದಾನೆ. ಆದರೂ ಅವನನ್ನು ಮನೆಗೆ ಕಳಿಸದೆ ಪಕ್ಕದಲ್ಲೇ ಕೂತು ಉಸಿರು ಎಣಿಸುವುದೇಕೆ?